ನನ್ನ ನಂತರದ ರೋಲ್ ನಂಬರ್

ಮೊಮ್ಮಗಳು ಡೆಂಟಲ್ ಮೊದಲ ವರ್ಷ. ಮೊನ್ನೆ ಶೆಟ್ಟಿಹಳ್ಳಿಯ ಮಗನ ಮನೆಯಲ್ಲಿ ಅವಳು ರೆಕಾರ್ಡ್ ಪುಸ್ತಕ ಹರಡಿಕೊಂಡು ಗುಲಾಬಿ, ನೇರಳೆ ಪೆನ್ಸಿಲ್ಲುಗಳನ್ನು ಚೂಪು ಮಾಡುತ್ತಿದ್ದಳು. ಮೈಕ್ರೋಸ್ಕೋಪಿನಲ್ಲಿ ವಸಡು, ತಿರುಳು ಎಲ್ಲ ಕಾಣುವುದು ಆ ಎರಡೇ ಬಣ್ಣದಲ್ಲಿ. ಹೆರೆದ ಪೆನ್ಸಿಲ್ಲಿನ ವಾಸನೆ ಮೂಗಿಗೆ ಬಡಿಯಿತು. ಅಕ್ಕ ನೆನಪಾದರು...

ಸ್ವಂತ ಅಕ್ಕ ಅಲ್ಲ, ಡೆಂಟಲ್ ಕಾಲೇಜಿನಲ್ಲಿ ನನ್ನ ಜೊತೆ ಓದುತ್ತಿದ್ದವರು. ಹಲ್ಲಿನ ರಚನೆಯ ವಿಷಯದಲ್ಲಿ ನಾನು ಎರಡು ಸಲ ಫೇಲ್, ಅವರು ಮೂರು ಸಲ. ಅದು ಪಾಸಾಗದೆ ಎರಡನೇ ವರ್ಷಕ್ಕೆ ಬಿಡುತ್ತಿರಲಿಲ್ಲ. ಜೊತೆಯವರೆಲ್ಲ ಮೇಲಿನ ಮಹಡಿಗೆ ಹೋದರು. ನಾವಿಬ್ಬರೇ ಕೆಳಗೆ, ಕಿಟಕಿ ತೆರೆಯದ ಲ್ಯಾಬಿನ ಫಾರ್ಮಲಿನ್ ಘಾಟಿನಲ್ಲಿ, ಯಾರೋ ಕೀಳಿಸಿಕೊಂಡ ದವಡೆಹಲ್ಲುಗಳನ್ನು ತಿರುಗಿಸಿ ನೋಡುತ್ತ ಕೂತಿದ್ದೆವು. ಗುಬ್ಬಿಯಲ್ಲಿ ನಮ್ಮಪ್ಪ ಆಗಲೇ ‘ಡಾಕ್ಟ್ರಪ್ಪ’ ಎಂದು ಕರೆಸಿಕೊಳ್ಳುತ್ತಿದ್ದರು. ನನಗೆ ಓಡಿಹೋಗಲೂ ದಾರಿಯಿರಲಿಲ್ಲ. ಅಕ್ಕ ಕೂಸನ್ನು ಅತ್ತೆಯ ಬಳಿ ಬಿಟ್ಟು ಕುಣಿಗಲ್ಲಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು.

“ಈ ಸಲ ಆಗ್ಲಿಲ್ಲ ಅಂದ್ರೆ ಓದಿದ್ದು ಸಾಕು, ಮನೇಲಿರು ಅಂದವ್ರೆ ಕಣೋ ನಮ್ಮತ್ತೆ” ಎಂದರು ಒಮ್ಮೆ.

ನನ್ನಂಥ ಕಿಡಿಗೇಡಿ ಆ ಕಾಲೇಜಿನಲ್ಲಿ ಮುಂಚೆಯೂ ಇರಲಿಲ್ಲ, ಆಮೇಲೂ ಬಂದಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆಯವರಿಗೆ ಅರ್ಧವೂ ಗೊತ್ತಿಲ್ಲ. ಪ್ರಾಕ್ಟಿಕಲ್ ಟೆಸ್ಟಿನಲ್ಲಿ ಸಾಲಾಗಿ ಮೈಕ್ರೋಸ್ಕೋಪುಗಳು. ಒಳಗೊಂದು ಸಣ್ಣ ಮುಳ್ಳು ತೋರಿಸುವ ಭಾಗದ ಹೆಸರು ಬರೆಯಬೇಕು, ಗಂಟೆ ಹೊಡೆದರೆ ಮುಂದಿನದಕ್ಕೆ ಸರಿಯಬೇಕು. ಸ್ಲೈಡು ಮುಟ್ಟುವಂತಿಲ್ಲ. ನಾನು ಮುಟ್ಟುತ್ತಿದ್ದೆ! ಉತ್ತರ ಬರೆದು, ಎಡಗೈ ಕಿರುಬೆರಳಲ್ಲಿ ಕೂದಲೆಳೆಯಷ್ಟು ತಳ್ಳಿದರೆ ಮುಳ್ಳು ಹಲ್ಲಿನ ಒಳಪದರ ಡೆಂಟಿನ್ ಬಿಟ್ಟು ಹೊರಪದರ ಎನಾಮೆಲ್ ಮೇಲೆ ಕೂರುತ್ತಿತ್ತು. ನನ್ನ ನಂತರದ ರೋಲ್ ನಂಬರ್ ಅಕ್ಕನದು. ಕಂಡದ್ದನ್ನೇ ಬರೆದು ಅಂಕ ಕಳೆದುಕೊಳ್ಳುತ್ತಿದ್ದರು.

“ತಳ್ಬುಟ್ಯೇನ್ಲಾ ಮುಂಡೇದೇ!” ಎಂದು ರೆಕಾರ್ಡ್ ಪುಸ್ತಕದಲ್ಲೇ ಬೆನ್ನಿಗೆ ಬಾರಿಸುತ್ತಿದ್ದರು.

ಬರಬರುತ್ತ ಅವರೂ ಪಳಗಿದರು. ನಾನು ತಳ್ಳಿರುತ್ತೇನೆಂದು ಊಹಿಸಿ, ಮುಳ್ಳು ತೋರಿಸುವುದರ ಪಕ್ಕದ ಭಾಗದ ಹೆಸರು ಬರೆದು, ಪೂರ್ತಿ ಅಂಕ ತೆಗೆಯತೊಡಗಿದರು. ಆ ಸೆರೆಮನೆಯಲ್ಲಿ ನಮಗಿದ್ದ ಆಟ ಅದೊಂದೇ...

ದೊಡ್ಡ ಪರೀಕ್ಷೆಯ ದಿನ ಅವರ ಅತ್ತೆಯ ಮಾತು ನನ್ನ ತಲೆಯಲ್ಲಿತ್ತು. ಕೊನೆಯ ಗಂಟೆ ಹೊಡೆಯುವವರೆಗೂ ಎಡಗೈಯನ್ನು ಜೇಬಿನಿಂದ ಈಚೆ ತೆಗೆಯಲಿಲ್ಲ. ಜೀವಮಾನದಲ್ಲಿ ಅಷ್ಟು ಮರ್ಯಾದಸ್ಥನಾಗಿ ನಾನು ಇನ್ನೆಂದೂ ನಡೆದುಕೊಂಡಿಲ್ಲ.

ಹೊರಗೆ ಬಂದ ಅಕ್ಕನ ಮುಖ ಅರಳಿತ್ತು.

“ಲೋ, ನಿನ್ನಾಟ ನನ್ನ ಹತ್ರ ನಡೀಲಿಲ್ಲ ಕಣೋ. ಎಲ್ಲಾದಕ್ಕೂ ಪಕ್ಕದ್ದೇ ಬರ್ದು ಬಂದೆ!”

ನಾನು ಅವರನ್ನು ತಡೆದು ನಿಲ್ಲಿಸಿದೆ. “ಅಕ್ಕ, ಇವತ್ತು ನಾನು ಒಂದನ್ನೂ ಮುಟ್ಟಿಲ್ಲ.”

“ಬುಡ್ಲಾ... ನೀನು ಮುಟ್ದೆ ಇರ್ತೀಯಾ?”

ನಕ್ಕು ಕುಣಿಗಲ್ ಬಸ್ಸು ಹತ್ತಿದರು. ಫಲಿತಾಂಶ ಬರುವ ತನಕ ಅವರು ಖುಷಿಯಾಗಿದ್ದರು. ನಿಜ ಗೊತ್ತಿದ್ದದ್ದು ನನಗೊಬ್ಬನಿಗೇ. ನಾನು ಪಾಸಾದೆ. ಅವರು ಆಗಲಿಲ್ಲ, ಮತ್ತೆ ಕಾಲೇಜಿಗೆ ಬರಲೂ ಇಲ್ಲ. ಕುಣಿಗಲ್ಲಿಗೆ ಹೋಗಬೇಕೆಂದು ಎಷ್ಟೋ ಸಲ ಹೊರಟೆ... ಹೋಗಲಿಲ್ಲ.

ಹೋದ ತಿಂಗಳು ಗುಬ್ಬಿಯ ನನ್ನ ಕ್ಲಿನಿಕ್ಕಿಗೆ ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. ಕುರ್ಚಿಯಲ್ಲಿ ಒರಗಿ, ನನ್ನನ್ನೇ ದಿಟ್ಟಿಸಿ ನಕ್ಕಳು.

“ಡಾಕ್ಟ್ರೇ, ಕೊನೇ ಪರೀಕ್ಷೇಲಿ ನಮ್ಮಮ್ಮನ ಲೆಕ್ಕ ತಪ್ಪಲಿ ಅಂತ ಸ್ಲೈಡ್ನ ಇನ್ನೊಂದು ಪಕ್ಕಕ್ಕೆ ತಳ್ಳಿದ್ದು ನೀವೇನಾ?”

ಅತ್ತೆಯ ಬಳಿ ಬಿಟ್ಟುಬರುತ್ತಿದ್ದ ಆ ಕೂಸು! ಅಮ್ಮ ಹೋಗಿ ಎರಡು ವರ್ಷವಾಯಿತು, ಕೊನೆಯವರೆಗೂ ಆ ಕಥೆ ಹೇಳಿ ಹೇಳಿ ನಗಿಸುತ್ತಿದ್ದರು ಎಂದಳು.

“ನಾನು ತಳ್ಳಿರಲಿಲ್ಲಮ್ಮ” ಎಂದೆ.

“ಒಪ್ಕೊಳಲ್ಲ ಅಂತಾನೂ ಅಮ್ಮ ಹೇಳಿದ್ರು.”

ನಂಬಿಸಬೇಕಿದ್ದದ್ದು ಒಬ್ಬರನ್ನೇ. ಅವರಿಲ್ಲ. “ಬಾಯಿ ತೆಗೀಯಮ್ಮ” ಎಂದೆ.