ಚಾಚಾ, ಒಂದು ಗಳಿಗೆ ಹೊರಗಿರ್ತೀರಾ?

“ಚಾಚಾ, ಇವತ್ತು ಬೆಳಿಗ್ಗೆ ಒಂದು ಗಳಿಗೆ ಹೊರಗಿರ್ತೀರಾ?”

ಕಳೆದ ವಾರ ಈ ಮಾತು ಆಡಿದವಳು ನಾನೇ. ಅದೂ ಯಾರಿಗೆ? ನಮ್ಮ ಸಾಫ್ಟ್‌ವೇರ್ ಕಂಪನಿಗೆ ಬಾಡಿಗೆಯಿಲ್ಲದೆ ಜಾಗ ಕೊಟ್ಟ ಮನುಷ್ಯನಿಗೆ. ಹೊರಗೆ ಅಂದರೆ ಎಲ್ಲಿಂದ? ಅವರದೇ ಅಂಗಡಿಯಿಂದ.

(ಬೈಯುವುದಿದ್ದರೆ ಬೈಯಿರಿ. ನಾನಂತೂ ಆಗಲೇ ಶುರು ಮಾಡಿದ್ದೇನೆ.)

ನನ್ನ ಪಾರ್ಟ್‌ನರ್ ನಸ್ರೀನ್ ಕಾಲೇಜಿನ ಗೆಳತಿ. ಅವಳು ಕೋಡ್ ಬರೆಯುತ್ತಾಳೆ, ನಾನು ಗಿರಾಕಿ ಹುಡುಕುತ್ತೇನೆ. ಚಿತ್ರದುರ್ಗದ ಕೋಟೆ ಕೆಳಗಿನ ಗಲ್ಲಿಯಲ್ಲಿ ಅವಳ ತಂದೆ ರೆಹಮಾನ್ ಚಾಚಾರ ಹಾಸಿಗೆ ಅಂಗಡಿ ಇದೆ. ಅದರಲ್ಲಿ ಅರ್ಧ ನಮ್ಮ ಆಫೀಸು. ಪ್ಲೈವುಡ್ ಅಡ್ಡಗೋಡೆಯ ಈಚೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳು. ಆಚೆ ಚಾಚಾ ನೆಲದ ಮೇಲೆ ಕೂತು, ಅರಳೆ ತುಂಬಿ, ಉದ್ದನೆಯ ಸೂಜಿಯಲ್ಲಿ ಹಾಸಿಗೆ ಹೊಲಿಯುತ್ತಾರೆ. ಟೀ ಅವರ ಮನೆಯದು. ಕಡಿಮೆ ಬಂಡವಾಳದ ಕಂಪನಿ ಅಂದರೆ ಇನ್ನೇನು? ಬೇರೆಯವರ ಒಳ್ಳೆಯತನದ ಮೇಲೆ ನಡೆಯುವ ಕಂಪನಿ.

ವೆಬ್‌ಸೈಟಿನಲ್ಲಿ ಮಾತ್ರ ಗಾಜಿನ ಕಟ್ಟಡದ ಫೋಟೋ. ಯಾವ ದೇಶದ್ದೋ ಏನೋ, ಹಾಕಿದ್ದು ನಾನೇ. ಸಣ್ಣ ಊರಲ್ಲಿ ಬಿಸಿನೆಸ್ ಶುರು ಮಾಡಿದ ಎಷ್ಟೋ ಜನಕ್ಕೆ ಈ ಕಾಯಿಲೆ ಇರುತ್ತದೆ. ದೊಡ್ಡದಾಗುವ ಮೊದಲೇ ದೊಡ್ಡದಾಗಿ ಕಾಣಬೇಕು!

ಹಿರಿಯೂರಿನಲ್ಲಿ ಕಲ್ಯಾಣ ಮಂಟಪ ನಡೆಸುವ ಬಸವರಾಜಪ್ಪನವರಿಗೆ ಬುಕಿಂಗ್ ಸಾಫ್ಟ್‌ವೇರ್ ಬೇಕಿತ್ತು. ಒಂದೇ ಮುಹೂರ್ತಕ್ಕೆ ಎರಡು ಮದುವೆ ಒಪ್ಪಿಕೊಂಡು, ಎರಡೂ ಕಡೆಯ ಬೀಗರಿಂದ ಉಗಿಸಿಕೊಂಡಿದ್ದರು. ಫೋನಿನಲ್ಲಿ ಎಲ್ಲ ಕುದುರಿತ್ತು. “ಒಂದ್ಸಲ ಆಫೀಸ್ ನೋಡ್ಕಂಡ್ ಹೋಗ್ತೀನಮ್ಮ” ಅಂದರು.

ಗಾಜಿನ ಕಟ್ಟಡ ಎಲ್ಲಿಂದ ತರಲಿ? ಅದಕ್ಕೇ ಚಾಚಾಗೆ ಆ ಮಾತು ಹೇಳಿದ್ದು.

“ಆಯ್ತು ಬೇಟಿ, ಅದ್ಕೇನಂತೆ?” ಅಂದರು. ಅರ್ಧ ಹೊಲಿದ ಹಾಸಿಗೆ ಮಡಚಿಟ್ಟು, ಮೈಮೇಲಿನ ಅರಳೆ ಕೊಡವಿಕೊಂಡು ಹೊರಟರು. ನಾನು ಅಂಗಡಿ ಕಡೆಗೆ ಪರದೆ ಎಳೆದೆ. ಹಾಸಿಗೆ ಅಂಗಡಿಯ ಬೋರ್ಡನ್ನೂ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ನಸ್ರೀನ್ ಒಮ್ಮೆ ನೋಡಿ, ಡೆಮೊ ಸಿದ್ಧ ಮಾಡುತ್ತ ಕೂತಳು.

ಬಸವರಾಜಪ್ಪನವರು ಬಂದರು. ಜೊತೆಯಲ್ಲಿ ಯಾರು? ಚಾಚಾ! ಗಲ್ಲಿ ಮೂಲೆಯ ಟೀ ಅಂಗಡಿಯಲ್ಲಿ ಕೂತಿದ್ದವರನ್ನೇ ಇವರು ದಾರಿ ಕೇಳಿದ್ದರು.

“ಇದೇ ಸಾರ್ ಕಂಪನಿ. ಬಾಳ ಚೆನ್ನಾಗಿ ಕೆಲ್ಸ ಮಾಡ್ತಾರೆ ಹುಡ್ಗೇರು. ಹೋಗ್ರಿ, ಒಳಗೆ ಕುಂತ್ಕಳ್ರಿ” ಅಂದ ಚಾಚಾ ಹೊಸ್ತಿಲಾಚೆಯೇ ನಿಂತು, ಹಾಗೇ ತಿರುಗಿ ಹೋದರು.

“ಒಳ್ಳೆ ಮನ್ಷ. ಯಾರಮ್ಮ ಅವ್ರು?”

ಹೇಳಿಬಿಡಬಹುದಿತ್ತು. ಆದರೆ ನನ್ನ ಬಾಯಿಂದ ಬಂದದ್ದು, “ಯಾರೋ, ಈ ಬೀದಿಯವರು ಸರ್.”

ಚಾಚಾರ ಮಗಳು ನನ್ನ ಪಕ್ಕದಲ್ಲೇ ಇದ್ದಳು.

ಡೆಮೊ ಚೆನ್ನಾಗಿಯೇ ಆಯಿತು. ಖುಷಿಯಿಂದ ಎದ್ದ ಬಸವರಾಜಪ್ಪನವರ ಕರಿ ಪ್ಯಾಂಟಿನ ತುಂಬ ಬಿಳಿ ಅರಳೆ. “ಇದೇನಮ್ಮ, ಸಾಫ್ಟ್‌ವೇರ್ ಕಂಪನೀಲಿ ಹತ್ತಿ?”

ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆ. ಅಷ್ಟರಲ್ಲಿ ನಸ್ರೀನ್ ಹೇಳಿದಳು. “ನಮ್ಮಪ್ಪ ಇಲ್ಲೇ ಹಾಸಿಗೆ ಹೊಲೀತಾರೆ ಸರ್. ನಿಮ್ಮನ್ನ ಬಾಗ್ಲ ತನಕ ಕರ್ಕಂಡ್ ಬಂದ್ರಲ್ಲ, ಅವ್ರೇ.”

ಬಸವರಾಜಪ್ಪನವರು ನನ್ನ ಮುಖ ನೋಡಿದರು. ದನಿ ಏರಿಸಲಿಲ್ಲ.

“ಹಾಸಿಗೆ ಹೊಲಿಯೋದು ಮುಚ್ಚಿಡೋ ಕೆಲ್ಸ ಏನಮ್ಮ? ನಾಳೆ ನಿಮ್ಮ ಸಾಫ್ಟ್‌ವೇರಲ್ಲಿ ಏನಾರ ಕೆಟ್ರೂ ಹಿಂಗೇ ಪರದೆ ಎಳೀತೀರೇನು?”

ಯೋಚನೆ ಮಾಡಿ ಹೇಳುತ್ತೇನೆ ಎಂದು ಹೊರಟರು. ಆಮೇಲೆ ಫೋನಿಲ್ಲ. ನಾನು ಮಾಡಿದರೂ ಎತ್ತುತ್ತಿಲ್ಲ.

ನಸ್ರೀನ್ ಜಗಳಕ್ಕೆ ಬರಲಿ ಎಂದು ಕಾದೆ. ಬಂದಿದ್ದರೆ ಹಗುರಾಗುತ್ತಿತ್ತೇನೋ. “ನಿಂಗೇನಂತ ಬೈಲಿ? ನೀನು ಬೋರ್ಡ್ ತಿರುಗ್ಸುವಾಗ ನಾನೂ ಸುಮ್ನೆ ಕುಂತಿದ್ನಲ್ಲ. ಆರ್ಡರ್ ನಂಗೂ ಬೇಕಾಗಿತ್ತು” ಅಂದವಳು ಕಂಪ್ಯೂಟರಿನ ಕಡೆ ತಿರುಗಿದಳು.

ಅವತ್ತೇ ಸಂಜೆ ಚಾಚಾ ಎದುರು ನಿಂತೆ. ತಪ್ಪಾಯಿತು ಅಂದೆ. “ಇರ್ಲಿ ಬಿಡು ಬೇಟಿ, ವ್ಯಾಪಾರ ಅಂದ್ಮ್ಯಾಲೆ ಇವೆಲ್ಲ ಇದ್ದದ್ದೇ” ಎಂದು ನಕ್ಕುಬಿಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಬೋರ್ಡು ಮೊದಲಿನಂತೆ ತೂಗುಹಾಕಿದೆ, ಪರದೆ ಕಿತ್ತೆ, ವೆಬ್‌ಸೈಟಿನ ಗಾಜಿನ ಕಟ್ಟಡವನ್ನೂ ತೆಗೆದೆ.

ನಿನ್ನೆ ಹೊಳಲ್ಕೆರೆಯಿಂದ ಟ್ಯೂಷನ್ ಸೆಂಟರಿನವರೊಬ್ಬರು ವಿಚಾರಿಸಲು ಬಂದರು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಚಾಚಾ ಎದ್ದಿದ್ದರು. ಯಾರೂ ಏನೂ ಹೇಳಿರಲಿಲ್ಲ. ಹಾಸಿಗೆ ಮಡಚಿ ಪಕ್ಕಕ್ಕಿಟ್ಟರು. “ಚಾಚಾ, ಕೂತ್ಕೊಳ್ಳಿ!” ಎಂದು ಬಂದವರ ಎದುರೇ ಕೂಗಿದೆ.

“ಇಲ್ಲ ಬೇಟಿ, ಟೀ ಕುಡ್ಕಂಡ್ ಬರ್ತೀನಿ” ಅನ್ನುತ್ತ ಹೊಸ್ತಿಲು ದಾಟಿದರು.

ಒಂದು ಸಲ ಎಬ್ಬಿಸಿ ಕಳಿಸಿದ ಮನುಷ್ಯನನ್ನು ಅವರದೇ ಜಾಗದಲ್ಲಿ ಮತ್ತೆ ಕೂರಿಸುವುದು ಹೇಗೆ, ಹೇಳಿ?