ಮೂರನೆಯ ಸಲ ಕರೆಯಲಿ

ಯಾವ ಭಾಷೆಯ ಸಿನಿಮಾ ಎಂದೇ ಗೊತ್ತಿಲ್ಲದೆ ಅದನ್ನು ಒಂದು ಚಾವಡಿ ತುಂಬ ಹೆಂಗಸರಿಗೆ ಕನ್ನಡದಲ್ಲಿ ವಿವರಿಸಿದ ಧೈರ್ಯವಂತೆ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಆದದ್ದು ಹೀಗೆ. ಕಾಪುವಿನಲ್ಲಿ ಮೈಮುನಾ ಅಂತ ನನ್ನ ಹಳೆಯ ವಿದ್ಯಾರ್ಥಿನಿ ಇದ್ದಾಳೆ. ಗಂಡ ದುಬೈಯಲ್ಲಿ. ಹೋದ ಸಲ ಊರಿಗೆ ಬಂದವನು ವಿಸಿಆರ್ ತಂದಿಟ್ಟು ಹೋಗಿದ್ದಾನೆ. ಅಂದಿನಿಂದ ಭಾನುವಾರ ಮಧ್ಯಾಹ್ನ ಅವಳ ಮನೆಯ ಚಾವಡಿಯೇ ಲೇಡೀಸ್ ಟಾಕೀಸು. ಟಿಕೆಟ್ ಇಲ್ಲ, ಇಂಟರ್‌ವೆಲ್ಲಿನಲ್ಲಿ ಸುಲೈಮಾನಿ ಚಾ ಉಂಟು. (ಗಂಡಸರಿಗೆ ಪ್ರವೇಶವಿಲ್ಲ. ಅದಕ್ಕೇ ನಮ್ಮ ಯಜಮಾನರು "ವಿಡಿಯೋ ನೋಡಿದರೆ ಕಣ್ಣು ಹಾಳು" ಎನ್ನುವುದು.)

"ಟೀಚರ್, ಇವರು ಇಂಗ್ಲಿಷ್ ಪಿಕ್ಚರ್ ಕಳಿಸಿದ್ದಾರೆ. ನಮಗೆ ತಲೆಬುಡ ಗೊತ್ತಾಗುವುದಿಲ್ಲ. ನೀವು ಬಂದು ಹೇಳಿಕೊಡಬೇಕು" ಎಂದು ಮೈಮುನಾ ಹೇಳಿ ಕಳಿಸಿದ್ದಳು. ಮಣಿಪಾಲದಲ್ಲಿ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಅರೆದು ಕುಡಿಸುವವಳು ಆಗುವುದಿಲ್ಲ ಎನ್ನಲಿಕ್ಕುಂಟೇ? ಉಡುಪಿಯಲ್ಲಿ ಬಸ್ಸು ಬದಲಿಸಿ ಜಂಬದಲ್ಲೇ ಹೋದೆ.

ಕ್ಯಾಸೆಟ್ ಹಾಕಿದರು. ನನ್ನ ಜಂಬ ಜರ್ರನೆ ಇಳಿಯಿತು. ಅದು ಇಂಗ್ಲಿಷೇ ಅಲ್ಲ ಮಾರಾಯ್ರೆ! ಯಾವ ದೇಶದ್ದೋ, ಯಾವ ಭಾಷೆಯೋ. ಕೆಳಗೆ ಒಂದು ಸಾಲು ಇಂಗ್ಲಿಷ್ ಬರಹವೂ ಇಲ್ಲ. ಒಬ್ಬಳು ತಾಯಿ, ಒಂದು ಮಗು, ಒಂದು ಸಣ್ಣ ದೋಣಿ.

"ಟೀಚರ್, ಎಂತ ಹೇಳುತ್ತಿದ್ದಾಳೆ?"

"ಮಗುವಿಗೆ ಊಟ ಮಾಡು ಅನ್ನುತ್ತಿದ್ದಾಳೆ" ಎಂದೆ. (ತಾಯಂದಿರು ಬೇರೆ ಎಂತ ಹೇಳುತ್ತಾರೆ?) ಎಲ್ಲರೂ ತಲೆಯಾಡಿಸಿದರು. ನನಗೂ ಧೈರ್ಯ ಬಂತು. ಅವಳು ಬಾಯಿ ತೆರೆದಾಗೆಲ್ಲ ಎಂತಾದರೂ ಒಂದು ಹೇಳಿ ಒಪ್ಪಿಸಿದೆ.

ಸ್ವಲ್ಪ ಹೊತ್ತಿನಲ್ಲಿ ನನ್ನ ಅಗತ್ಯವೇ ಇಲ್ಲವಾಯಿತು. ಗಾಳಿ ಎದ್ದಿತು, ದೋಣಿ ಮಗುಚಿತು. ಮಗು ಒಂದು ಹಲಗೆಯ ಮೇಲೆ ಎಲ್ಲಿಗೋ ತೇಲಿಹೋಯಿತು. ತಾಯಿ ಮಗುಚಿದ ದೋಣಿಯ ಬೆನ್ನು ಹಿಡಿದು ಉಳಿದಳು. ಸುತ್ತ ನೀರೇ ನೀರು. ಕುಡಿಯಲಿಕ್ಕೆ ಒಂದು ಗುಟುಕಿಲ್ಲ. ಚಾವಡಿಯಲ್ಲಿ ಕೂತವರು "ಅಯ್ಯೋ, ಯಾರಾದರೂ ಅವಳಿಗೆ ನೀರು ಕೊಡಿಯಪ್ಪಾ" ಎಂದು ಟಿವಿಗೆ ಹೇಳತೊಡಗಿದರು. ಮೈಮುನಾಳ ಅತ್ತೆ ತನ್ನ ಚಾ ಲೋಟವನ್ನು ಕೆಳಗಿಟ್ಟರು.

ಇಲ್ಲಿ ನಿಮಗೊಂದು ಹಳೆಯ ಮಾತು ನೆನಪಿಸಬೇಕು. ಸ್ವಲ್ಪ ಕಾಲದ ಹಿಂದೆ ಇದೇ ಅಂಕಣದಲ್ಲಿ ನಾನು ಕಾರ್ಕಳದ ನನ್ನ ಅತ್ತೆಯನ್ನು ಗೇಲಿ ಮಾಡಿದ್ದೆ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಕರೆದರೂ ಅವರು ಓಗೊಡುವುದಿಲ್ಲ. ಮೂರನೆಯ ಸಲ ಕರೆಯಬೇಕು, ಆಗ ಮಾತ್ರ "ಓ". ಮನುಷ್ಯನಲ್ಲದ್ದು ಎರಡೇ ಸಲ ಕರೆಯುವುದಂತೆ, ಮೂರನೆಯದಕ್ಕೆ ಅದಕ್ಕೆ ಶಕ್ತಿ ಇಲ್ಲವಂತೆ. ಹಿರಿಯಡ್ಕದಿಂದ ಬಂದ ನಮ್ಮ ಭಾವ ಎರಡು ಸಲ ಕರೆದು, ಒಳಗೆ ಜನರಿದ್ದೂ ಉತ್ತರವಿಲ್ಲದೆ, ಸಿಟ್ಟು ಮಾಡಿ ವಾಪಸು ಬಸ್ಸು ಹತ್ತಿದ್ದೂ ಉಂಟು. "ಭೂತಕ್ಕೆ ಲೆಕ್ಕ ಕಲಿಸಿದವರು ಯಾರು?" ಎಂದು ನಾನು ಬರೆದಿದ್ದೆ. ನೀವೂ ನಕ್ಕಿದ್ದಿರಿ, ಅಲ್ವಾ?

ಈಗ ಚಾವಡಿಗೆ ಬನ್ನಿ. ಸಿನಿಮಾದಲ್ಲಿ ಸಂಜೆಯಾಯಿತು. ತಾಯಿ ಕತ್ತೆತ್ತಿ ಮಗುವನ್ನು ಕರೆದಳು. ಹೆಸರು ನನಗೆ ತಿಳಿಯಲಿಲ್ಲ. ಕರೆದ ರಾಗ ಮಾತ್ರ ನಮ್ಮದೇ. ಆಟಕ್ಕೆ ಹೋದ ಮಕ್ಕಳನ್ನು ಅಂಗಳದ ತುದಿಯಲ್ಲಿ ನಿಂತು ಕರೆಯುವುದಿಲ್ಲವೇ, ಕೊನೆಯ ಅಕ್ಷರ ಎಳೆದು? ಹಾಗೆಯೇ.

ಬಾಗಿಲ ಹತ್ತಿರ ಕಲ್ಯಾಣಿಯಕ್ಕ ಕೂತಿದ್ದರು. ಆ ಮನೆಗೆ ದಿನಾ ಮೀನು ತರುವವರು. ಐವತ್ತು ದಾಟಿದ ಗಟ್ಟಿ ಹೆಂಗಸು, ಸಿನಿಮಾ ಶುರುವಾದಾಗಿನಿಂದ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವರು. ಆ ಕರೆ ಕೇಳಿದ್ದೇ ಅವರು ಕೈ ಎತ್ತಿದರು. ಎಲ್ಲರೂ ಸುಮ್ಮನಾದರು.

ತಾಯಿ ಎರಡನೆಯ ಸಲ ಕರೆದಳು.

ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋದರೆ ನಾವೆಲ್ಲ ಎಂತ ಮಾಡುತ್ತೇವೆ? ಎಲ್ಲರೂ ಒಟ್ಟಿಗೆ "ಹೋ..." ಎನ್ನುತ್ತೇವೆ, ಲೈನ್‌ಮ್ಯಾನಿಗೆ ಶಾಪ ಹಾಕುತ್ತೇವೆ. ಅವತ್ತು ಒಬ್ಬರೂ ಉಸಿರೆತ್ತಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಕೋಣೆ ಕತ್ತಲು. ಆ ಕತ್ತಲಲ್ಲಿ ಕಲ್ಯಾಣಿಯಕ್ಕನ ಸ್ವರ ಬಂತು.

"ಸುಮ್ಮನಿರಿ. ಇನ್ನೊಂದು ಉಂಟು."

ಮೈಮುನಾ ಮೆಲ್ಲ ಕಿಟಕಿ ತೆರೆದಳು. ಕಲ್ಯಾಣಿಯಕ್ಕ ಕಪ್ಪಾದ ಟಿವಿಯನ್ನೇ ನೋಡುತ್ತಿದ್ದರು. ಬಾಯಿ ಅರ್ಧ ತೆರೆದಿತ್ತು, ಉತ್ತರ ನಾಲಗೆಯ ತುದಿಗೆ ಬಂದು ನಿಂತವರ ಹಾಗೆ. ನಾನು ಹತ್ತಿರ ಹೋಗಿ "ಎಂತ ಆಯಿತು ಕಲ್ಯಾಣಿಯಕ್ಕಾ?" ಎಂದೆ.

ಅವರು ಹೇಳಿದ್ದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. (ಈ ಸಲದ ಅನುವಾದದಲ್ಲಿ ನನ್ನ ಸ್ವಂತದ್ದು ಎಂತದೂ ಇಲ್ಲ.)

"ನನ್ನ ಅಮ್ಮ ನೀರಿಳಿದಾಗ ಕಡಲಿನ ಕಲ್ಲಿಗೆ ಹೋಗಿ ಚಿಪ್ಪು ಕಿತ್ತು ತರುವವರು. ಅಂದು ಪೇಟೆಯಿಂದ ಬರುವಾಗ ಯಾರಿಗೂ ಹೇಳದೆ ಹೋಗಿದ್ದರು, ನೀರು ಬೇಗ ಏರಿತು, ಕಲ್ಲಿನ ಮೇಲೆಯೇ ಸಿಕ್ಕಿಬಿದ್ದರು. ನಮಗೆಂತ ಗೊತ್ತು? ಅಮ್ಮ ಮೀನು ಮಾರಲು ಹೋದವರು ಪೇಟೆಯಲ್ಲಿ ತಡವಾಗಿದ್ದಾರೆ ಎಂದುಕೊಂಡೆವು. ಅಜ್ಜಿ ದೀಪ ಹಚ್ಚುತ್ತಿದ್ದರು. ಕಡಲ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಅಮ್ಮನದೇ ಸ್ವರ. ಓ ಎನ್ನಲು ಬಾಯಿ ತೆರೆದೆ. ಅಜ್ಜಿ ಓಡಿಬಂದು ನನ್ನ ಬಾಯಿ ಮುಚ್ಚಿ ಹಿಡಿದರು. ಕೈಯೆಲ್ಲ ದೀಪದ ಎಣ್ಣೆ. 'ಈ ಹೊತ್ತಿಗೆ ಕಡಲಿನಲ್ಲಿ ನಿನ್ನ ಅಮ್ಮನಿಗೆ ಎಂತ ಕೆಲಸ? ಅದು ಅವಳಲ್ಲ. ಅವಳೇ ಆದರೆ ಮೂರನೆಯ ಸಲ ಕರೆಯಲಿ' ಎಂದರು. ಕಡಲಿನಿಂದ ಇನ್ನೊಮ್ಮೆ ಕರೆದರು. ಮತ್ತೆ ಕರೆಯಲಿಲ್ಲ."

ಕಲ್ಯಾಣಿಯಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಮಾವ ಒಳಗೇ ಇದ್ದರು. ದೋಣಿ ದಡದಲ್ಲೇ ಇತ್ತು. ನಾನೊಂದು ಓ ಅಂದಿದ್ದರೆ ಅಮ್ಮ ಮತ್ತೆ ಕೂಗುತ್ತಿದ್ದರು, ಮಾವ ದೋಣಿ ಇಳಿಸಿ ಹೋಗುತ್ತಿದ್ದರು. ನಾವು ಕಾದೆವು ಟೀಚರೇ. ಚಂದಕ್ಕೆ ಕಾದೆವು."

"ನಮ್ಮ ಹಿರಿಯರೂ ಮೂರು ಸಲ ಕರೆಯಲಿ ಎಂದೇ ಹೇಳುತ್ತಿದ್ದರು" ಎಂದರು ಮೈಮುನಾಳ ಅತ್ತೆ. ಅವರು ಕಲ್ಯಾಣಿಯಕ್ಕನ ಬೆನ್ನು ಸವರುತ್ತಿದ್ದರು. ನನಗೆ ನನ್ನ ಆ ಗೇಲಿಯ ಅಂಕಣ ನೆನಪಾಯಿತು. ಎಷ್ಟು ನಗಾಡಿದ್ದೆ!

ಕರೆಂಟು ಬರಲಿಲ್ಲ. ಒಬ್ಬೊಬ್ಬರೇ ಎದ್ದರು. ಕಲ್ಯಾಣಿಯಕ್ಕ ಮಾತ್ರ ಏಳಲೊಲ್ಲರು. ಆ ಮೂರನೆಯ ಕರೆ ಕೇಳಿಯೇ ಹೋಗಬೇಕು ಎಂದು ಕೂತರು. ಕೊನೆಗೆ ಮೈಮುನಾ "ಮುಂದಿನ ಭಾನುವಾರ ಅಲ್ಲಿಂದಲೇ ಹಾಕುತ್ತೇನೆ ಅಕ್ಕಾ, ಕ್ಯಾಸೆಟ್ ಎಲ್ಲಿಗೂ ಹೋಗುವುದಿಲ್ಲ" ಎಂದು ಒಪ್ಪಿಸಿ, ನನ್ನನ್ನೂ ಅವರ ಜೊತೆಗೆ ಹೊರಡಿಸಿದಳು. ಅವರ ಮನೆ ಕಡಲ ಬದಿಯಲ್ಲಿ. ಅಲ್ಲಿಯವರೆಗೆ ಬಿಟ್ಟು ನಾನು ಬಸ್ಸಿಗೆ ಹೋಗುವುದೆಂದಾಯಿತು.

ಸೂರ್ಯ ಮುಳುಗಿ ಆಗಿತ್ತು. ಲೈಟ್‌ಹೌಸಿನ ದೀಪ ಆಗಷ್ಟೇ ಹೊತ್ತಿತ್ತು. ನೀರು ಏರುತ್ತಿತ್ತು. ದೂರದಲ್ಲಿ ಒಂದು ಕಲ್ಲು ಕಾಣುತ್ತಿತ್ತು, ತೆರೆ ಬಂದಾಗ ಇಲ್ಲವಾಗುತ್ತಿತ್ತು. ಅದೇನಾ ಆ ಕಲ್ಲು ಎಂದು ನಾನು ಕೇಳಲಿಲ್ಲ. ದಡದಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ನಾನಾದರೂ ಸುಮ್ಮನಿರಬೇಕಲ್ಲ? "ನೀವು ಆಗ ಸಣ್ಣ ಮಗು ಅಕ್ಕಾ, ನಿಮ್ಮ ತಪ್ಪೆಂತ ಉಂಟು" ಎಂದು ಕ್ಲಾಸಿನಲ್ಲಿ ಮಾತಾಡುವ ಹಾಗೆ ಸಮಾಧಾನ ಶುರು ಮಾಡಿದೆ.

ಆಗ ಕರೆ ಬಂತು.

ಕಡಲ ಕಡೆಯಿಂದ. ಹೆಂಗಸಿನ ಸ್ವರ. ಕೊನೆಯ ಅಕ್ಷರ ಎಳೆದು. ಹೆಸರು ಗಾಳಿಯಲ್ಲಿ ಹೋಯಿತು, ರಾಗ ಮಾತ್ರ ಬಂತು.

ನಾನು ನಿಂತಲ್ಲೇ ನಿಂತೆ. ಕಲ್ಯಾಣಿಯಕ್ಕನ ಬುಟ್ಟಿ ಮರಳಿಗೆ ಬಿತ್ತು. ಎರಡನೆಯದಕ್ಕೆ ಅವರು ಕಾಯಲಿಲ್ಲ.

"ಓ...! ಅಮ್ಮಾ, ಓ...!"

ಹಾಗೆ ಕೂಗುತ್ತಲೇ ನೀರಿಗೆ ಓಡಿದರು. ಮೊಣಕಾಲು ಮುಳುಗುವಲ್ಲಿ ನಿಂತರು. "ಇಲ್ಲೇ ಇದ್ದೇನೆ! ಕೇಳಿಸಿತು!" ಎಂದು ಆ ಕಲ್ಲಿನ ದಿಕ್ಕಿಗೆ ಕೂಗಿದರು. ಉತ್ತರ ಬರಲಿಲ್ಲ. ಕಲ್ಲು ಇನ್ನೊಮ್ಮೆ ಕಾಣಿಸಿತು, ಮತ್ತೆ ಕಾಣಲಿಲ್ಲ. ತೆರೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಅವರು ಇನ್ನೂ ಮುಂದೆ ಹೋಗುತ್ತಾರೋ ಎಂದು ನನ್ನ ಜೀವ ಬಾಯಿಗೆ ಬಂತು.

ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು ತಿರುಗಿ ಬಂದರು. ಸೀರೆಯ ಅಂಚು ಹಿಂಡಿದರು, ಬುಟ್ಟಿ ಕೊಡವಿ ತಲೆಗಿಟ್ಟರು. "ಇನ್ನು ಕರೆಯುವುದಿಲ್ಲ" ಎಂದರು. ದಿನದ ಮೀನು ಪೂರಾ ಖಾಲಿಯಾದವರ ಮುಖದ ಹಾಗಿತ್ತು ಅವರ ಮುಖ. "ನಿಮ್ಮ ಬಸ್ಸು ತಪ್ಪೀತು, ಹೋಗಿ ಟೀಚರೇ."

ಮೈಮುನಾ ಆಮೇಲೆ ಸುದ್ದಿ ಕಳಿಸಿದ್ದಾಳೆ. ಕರೆಂಟು ಬಂದ ಮೇಲೆ ಮನೆಯವರು ಸಿನಿಮಾ ಪೂರ್ತಿ ನೋಡಿದರಂತೆ. ಆ ತಾಯಿ ಮೂರನೆಯ ಸಲ ಕರೆಯುತ್ತಾಳಂತೆ, ಮಗು ಓಗೊಡುತ್ತದಂತೆ, ಒಂದು ಹಡಗು ಬರುತ್ತದಂತೆ. ಕಲ್ಯಾಣಿಯಕ್ಕನಿಗೆ ಹೇಳಿದರೆ, "ನನಗೆ ಬೇಡ ಮಾರಾಯ್ತಿ, ನನ್ನದು ಆಯಿತು" ಎಂದು ಬಂಗುಡೆ ಎಣಿಸಿ ಕೊಟ್ಟು ಹೋದರಂತೆ.

ಅದು ಯಾರ ಸ್ವರ ಎಂದು ಕೇಳಿ ನನಗೆ ಪತ್ರ ಬರೆಯಬೇಡಿ. ಯಾರೋ ಮಗುವನ್ನೋ ಆಡನ್ನೋ ಕರೆದಿರಬೇಕು. ಗಾಳಿ ಇರಬೇಕು. ಯಜಮಾನರಿಗೂ ಹಾಗೆಯೇ ಹೇಳಿದೆ.

"ಗಾಳಿಯಾದರೆ ನೀನೂ ಒಂದು ಓ ಅನ್ನಬಹುದಿತ್ತಲ್ಲ? ಅಮ್ಮನ ಮೂಢನಂಬಿಕೆಗೆ ಅಷ್ಟು ನಗಾಡಿದವಳು!" ಎಂದರು.

ಅನ್ನಲಿಕ್ಕೆ ಬಾಯಿ ತೆರೆದಿದ್ದೆ, ಸತ್ಯವಾಗಿ. ತೆರೆದ ಬಾಯಿ ಯಾರೋ ಒತ್ತಿದ ಹಾಗೆ ಮುಚ್ಚಿತು. ಹೆದರಿಕೆ ಇರಬೇಕು ಎಂದುಕೊಂಡೆ. ಆದರೆ ಕಲ್ಯಾಣಿಯಕ್ಕ ಆಗ ನೀರಿನಲ್ಲಿದ್ದರು, ನನ್ನ ಹತ್ತಿರ ಯಾರೂ ಇರಲಿಲ್ಲ.

ಹಾಗಾದರೆ ಮನೆಗೆ ಬರುವವರೆಗೂ ನನ್ನ ತುಟಿಯ ಮೇಲಿದ್ದ ಆ ದೀಪದೆಣ್ಣೆಯ ವಾಸನೆ ಎಲ್ಲಿಂದ ಬಂತು?