ಖಾಲಿ ಗಾಳಿಯಲ್ಲಿರುವ ನಡುಗೆರೆ

ಹೊರಗಿನ್ನೂ ನಸುಗತ್ತಲು. ಅಳತೆಯ ಕೋಣೆಯಲ್ಲಿ ಮಂಚದಷ್ಟು ಅಗಲದ ಗ್ರಾನೈಟ್ ಮೇಜು, ಅದರ ಮೇಲೆ ಕಮಾನಿನಂತೆ ನಿಂತ ಯಂತ್ರ. ಯಂತ್ರದ ತೋಳಿನ ತುದಿಯಲ್ಲೊಂದು ಪುಟ್ಟ ಮಾಣಿಕ್ಯದ ಗುಂಡು. ಕಾರ್ಖಾನೆಗೆಲ್ಲ ‘ಅಳತೆಯಕ್ಕ’ ಆಗಿರುವ ಹೆಂಗಸು, ಮಗುವಿನ ಕಣ್ಣೊರೆಸುವಷ್ಟು ಮೆತ್ತಗೆ ಅದನ್ನು ಒರೆಸುತ್ತಿದ್ದಾರೆ.

ಮೇಜಿನ ಮೇಲಿರುವುದು ಪಂಪೊಂದರ ಲೋಹದ ಕವಚ. ಎರಡು ತುದಿಗೂ ಒಂದೊಂದು ರಂಧ್ರ: ಒಂದು ಆಳ, ಇನ್ನೊಂದು ಗಿಡ್ಡ. ಎರಡರ ನಡುಗೆರೆಯೂ ಒಂದೇ ನೇರದಲ್ಲಿರಬೇಕು. ಕೂದಲೆಳೆಯ ಕಾಲುಭಾಗ ಸರಿದರೂ ಒಳಗೆ ತಿರುಗುವ ದಂಡ ಅದುರುತ್ತದೆ. ಗುಂಡು ರಂಧ್ರದ ಗೋಡೆಯನ್ನು ಅಲ್ಲಲ್ಲಿ ಮುಟ್ಟುತ್ತದೆ, ಯಂತ್ರ ಲೆಕ್ಕ ಹಾಕಿ ನಡುಗೆರೆ ಹೇಳುತ್ತದೆ. ಈ ವಾರ ಮಾತ್ರ ಅದೇ ಕವಚಕ್ಕೆ ಅಳೆದಾಗಲೆಲ್ಲ ಬೇರೆ ಬೇರೆ ಉತ್ತರ.

ಕವಚ ಕೊರೆದವರು ಅಳತೆಯಕ್ಕನ ಸ್ವಂತ ಅಕ್ಕನ ಗಂಡ. ಪಾಸಾದರೆ ‘ನಾದಿನಿ ಭಾವನನ್ನು ದಾಟಿಸಿದಳು’ ಎಂಬ ಮಾತು. ಫೇಲಾದರೆ ಅವರು ಕೊರೆದ ಇಂಥ ಕವಚಗಳ ರಾಶಿಯೆಲ್ಲ ಗುಜರಿಗೆ.

“ಏನಮ್ಮಾ, ನಿನ್ನೆ ಬೆಳಗ್ಗೆ ಪಾಸು, ಊಟ ಆದ್ಮೇಲೆ ಫೇಲು. ನಿನ್ನ ಮೆಷೀನಿಗೆ ಕ್ಯಾಂಟೀನ್ ಊಟ ಒಗ್ಗಲ್ವಾ?” ಬಾಗಿಲಲ್ಲೇ ನಿಂತ ಭಾವನ ಮೊದಲ ಮಾತು.

“ಬೈಯೋದಿದ್ರೆ ಒಳಗೆ ಬಂದು ಬೈರಿ ಭಾವ. ಬಾಗಿಲು ತೆಗೆದಿಟ್ರೆ ಕೋಣೆ ಬಿಸಿಯಾಗುತ್ತೆ.”

ಪ್ಯಾಕಿಂಗ್ ವಿಭಾಗದಲ್ಲಿ ಎಣ್ಣೆ ಒರೆಸಲು ಸೇರಿದ ಅಳತೆಯಕ್ಕ ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿದವರು. ಆಗ ಮಗಳು ತೊಟ್ಟಿಲಲ್ಲಿ. ಅಕ್ಕ ಕೂಸು ನೋಡಿಕೊಂಡರೆ, ಸೈಕಲ್ಲಿನಲ್ಲಿ ಕಾಲೇಜಿಗೆ ಬಿಟ್ಟು ಬರುತ್ತಿದ್ದುದು ಇದೇ ಭಾವ. ಈಗ ದಿನಕ್ಕೆ ನಲವತ್ತೋ ಐವತ್ತೋ ಬಿಡಿಭಾಗ ಅಳೆಯುತ್ತಾರೆ.

ಅವರು ಒಂದೊಂದೇ ಅನುಮಾನವನ್ನು ಕಳಚುವುದನ್ನು ನೋಡಬೇಕು. ಕವಚವನ್ನು ಅಲುಗಿಸದೆ ಮತ್ತೆ ಅಳೆಯುತ್ತಾರೆ: ಉತ್ತರ ಅಲೆಯುತ್ತದೆ, ಅಂದರೆ ಕವಚ ಕೂರಿಸಿದ್ದರ ತಪ್ಪಲ್ಲ. ಅಳತೆ ಮೊದಲೇ ಗೊತ್ತಿರುವ ಉಕ್ಕಿನ ಬಳೆಯನ್ನಿಟ್ಟು ನೋಡುತ್ತಾರೆ: ಕಲ್ಲಿನಂತೆ ಸ್ಥಿರ, ಯಂತ್ರವೂ ಸರಿ. ಗಿಡ್ಡ ರಂಧ್ರದಿಂದ ಗೆರೆ ಹಿಡಿದು ಆಳದ್ದನ್ನು ನೋಡಬೇಕೆಂಬುದು ನಕ್ಷೆ ಹೇಳುವ ಕ್ರಮ. ಕೊನೆಗೆ ಅದನ್ನೇ ತಿರುಗಿಸಿ, ಆಳದ ರಂಧ್ರದಿಂದ ಗೆರೆ ಹಿಡಿದು ಗಿಡ್ಡ ರಂಧ್ರವನ್ನು ನೋಡುತ್ತಾರೆ. ಅಲೆದಾಟ ನಿಲ್ಲುತ್ತದೆ.

“ಗೋಡೆಗೆ ಒತ್ತೊತ್ತಿಗೆ ಎರಡು ಮೊಳೆ ಹೊಡೆದು, ಆ ನೇರಕ್ಕೇ ದಾರ ಎಳ್ಕೊಂಡು ಎದುರು ಗೋಡೆವರೆಗೂ ಹೋಗಿ. ಮೊಳೆ ಇಷ್ಟೇ ಇಷ್ಟು ಸರಿದ್ರೂ ದಾರ ಅಲ್ಲಿ ಎಲ್ಲೋ ಹೋಗಿರುತ್ತೆ. ಗಿಡ್ಡ ರಂಧ್ರದಿಂದ ನಾವು ಮಾಡ್ತಿದ್ದದ್ದು ಅದೇ,” ಎಂದು ಅಳತೆಯಕ್ಕ ಭಾವನಿಗೆ ವಿವರಿಸುತ್ತಾರೆ.

ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಇವರು ಹುಡುಕುವ ಗೆರೆ ಲೋಹದಲ್ಲಿ ಎಲ್ಲೂ ಇಲ್ಲ. ರಂಧ್ರದೊಳಗಿನ ಖಾಲಿ ಗಾಳಿಯಲ್ಲಿದೆ. ಯಾರೂ ಕಂಡಿಲ್ಲದ ಆ ಗೆರೆ ಅಲುಗಿದ್ದು ಇವರಿಗೆ ತಿಳಿಯುತ್ತದೆ.

ನಕ್ಷೆ ಬರೆದ ಎಂಜಿನಿಯರ್ ಫೋನಿನಲ್ಲೇ ಒಪ್ಪುತ್ತಾರೆ: “ಎರಡೂ ರಂಧ್ರ ಸೇರಿಸಿ ಒಂದೇ ಗೆರೆ ಹಿಡೀರಿ ಮೇಡಂ. ದಂಡ ಕೂರೋದೂ ಹಾಗೇ ತಾನೆ. ನಕ್ಷೆ ತಿದ್ದಿ ಕಳಿಸ್ತೀನಿ.”

ಮಧ್ಯಾಹ್ನದೊಳಗೆ ತಿದ್ದಿದ ನಕ್ಷೆ ಬರುತ್ತದೆ, ರಾಶಿಯೂ ಮುಗಿಯುತ್ತದೆ. ಎಷ್ಟು ಸಲ ಅಳೆದರೂ ಈಗ ಒಂದೇ ಉತ್ತರ. ಬಹುಪಾಲು ಪಾಸು. ಮೂರು ಮಾತ್ರ ನಿಜವಾಗಿಯೂ ಫೇಲು. ಅಳತೆಯಕ್ಕ ಮೂರಕ್ಕೂ ಕೆಂಪು ಬಣ್ಣ ಬಳಿಯುತ್ತಾರೆ.

ಭಾವ ಒಂದನ್ನೆತ್ತಿ ಬೆಳಕಿಗೆ ಹಿಡಿಯುತ್ತಾರೆ. “ಇದು ನಂದೇ ತಪ್ಪು. ಟೂಲು ಸವೆದಿತ್ತು, ಬದಲಾಯಿಸೋಕೆ ಸೋಮಾರಿತನ ಮಾಡ್ದೆ. ನಿಮ್ಮಕ್ಕಂಗೆ ಹೇಳ್ಬೇಡ ಮಾರಾಯ್ತಿ.”

ನಿಮ್ಮ ಆಸೆಯೇನು ಎಂದು ಕೇಳಿದರೆ ಅಳತೆಯಕ್ಕ ನಾಚುತ್ತಾರೆ. “ನಾನಿಲ್ಲದ ದಿನ ಬೇರೆ ಯಾರು ಅಳೆದ್ರೂ ಇದೇ ಉತ್ತರ ಬರ್ಬೇಕು. ಆಗ ಯಾರ ಭಾವ ಕೊರೆದದ್ದು ಅಂತ ಯಾರೂ ಕೇಳಲ್ಲ.”